ಎಂಜಿನ್ ಬದಲಾಯಿತು, ಆವಿಯ ಡಬ್ಬಿ ಎಲ್ಲಿ ಹೋಯಿತು?

ಕಾರಿನ ಮಾಲಿನ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಸೈಲೆನ್ಸರ್. ಎಮಿಷನ್ ಟೆಸ್ಟ್ ಮಾಡುವವರು ಪೈಪ್ ತೂರಿಸುವುದೂ ಅಲ್ಲಿಗೇ. ಆದರೆ ಪೆಟ್ರೋಲ್ ಕಾರು ಎಂಜಿನ್ ಆಫ್ ಆಗಿ ಸುಮ್ಮನೆ ನಿಂತಾಗಲೂ ಗಾಳಿ ಕೆಡಿಸಬಲ್ಲದು. ಟ್ಯಾಂಕಿನ ಪೆಟ್ರೋಲ್ ಬಿಸಿಲಿಗೆ ಆವಿಯಾಗುತ್ತದೆ, ಆ ಆವಿ ಹೊರಹೋಗಲು ದಾರಿ ಹುಡುಕುತ್ತದೆ. ಅದನ್ನು ಹಿಡಿದಿಡಲೆಂದೇ ಕಾರಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಹೆಸರು ಚಾರ್ಕೋಲ್ ಕ್ಯಾನಿಸ್ಟರ್. ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸುವಾಗ ಎಷ್ಟೋ ಸಲ ಮೊದಲು ಮೂಲೆ ಸೇರುವುದು ಈ ಡಬ್ಬಿಯೇ. ಈ ಅಭ್ಯಾಸ ನಿಲ್ಲಬೇಕು, ಅದನ್ನು ನಿಲ್ಲಿಸುವ ಕೆಲಸ ನಮ್ಮಂಥ ವಿದ್ಯಾರ್ಥಿಗಳದ್ದೂ ಹೌದು ಎಂಬುದು ನನ್ನ ಅಭಿಪ್ರಾಯ.

ನಾನಿರುವುದು ದೀಪಾಂಜಲಿ ನಗರದಲ್ಲಿ. ಮೈಸೂರು ರಸ್ತೆಯಲ್ಲಿ ಮೇಲೆ ಮೆಟ್ರೊ, ಕೆಳಗೆ ಬಸ್ಸು–ಲಾರಿಗಳ ಸಾಲು, ಒಳಗಿನ ಅಡ್ಡರಸ್ತೆಗಳಲ್ಲಿ ಸಣ್ಣ ಸಣ್ಣ ಗ್ಯಾರೇಜುಗಳು. ಬಿ.ಇ. ಓದುತ್ತಾ, ಬಿಡುವಿದ್ದಾಗ ಇಂಥ ಕಡೆ ನಿಂತು ಕೆಲಸ ನೋಡುವುದು ನನ್ನ ಹವ್ಯಾಸ. ಒಂದು ಗ್ಯಾರೇಜಿನಲ್ಲಿ ಸೀಜ್ ಆದ ಎಂಜಿನ್ ಇಳಿಸಿ, ಗುಜರಿಯಿಂದ ತಂದ ಅದೇ ಮಾದರಿಯ ಇನ್ನೊಂದನ್ನು ಕೂರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಕ್ಯಾನಿಸ್ಟರ್ ನೆಲದ ಮೇಲೇ ಉಳಿದಿತ್ತು. ಕೇಳಿದ್ದಕ್ಕೆ, ‘ಅದು ಏನೂ ಕೆಲಸಕ್ಕೆ ಬರಲ್ಲಪ್ಪಾ, ಇದ್ದಷ್ಟೂ ತಲೆನೋವು. ಗಾಡಿ ಸ್ಟಾರ್ಟ್ ಆಯ್ತಲ್ಲ’ ಎಂದರು. ಅವರು ಒಳ್ಳೆಯ ಕೆಲಸಗಾರರು, ಎಂಜಿನ್ ಸದ್ದು ಕೇಳಿಯೇ ಕಾಯಿಲೆ ಹೇಳುವವರು. ಆದರೆ ಈ ಡಬ್ಬಿ ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದರ ಕೆಲಸ ಸರಳ. ಡಬ್ಬಿಯೊಳಗೆ ಸಕ್ರಿಯ ಇದ್ದಿಲಿನ ಕಾಳುಗಳಿರುತ್ತವೆ. ಒಂದೊಂದು ಕಾಳಿನಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಒಂದು ಗ್ರಾಂ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಟ್ಯಾಂಕಿನಿಂದ ಬಂದ ಆವಿ ಈ ಮೈಗೆ ಅಂಟಿಕೊಳ್ಳುತ್ತದೆ, ಉಳಿದ ಗಾಳಿ ಮಾತ್ರ ಹೊರಹೋಗುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಇಸಿಯು ಪರ್ಜ್ ವಾಲ್ವ್ ತೆರೆಯುತ್ತದೆ. ಆಗ ಎಂಜಿನ್ನಿನ ಎಳೆತಕ್ಕೆ ಹೊರಗಿನ ತಾಜಾ ಗಾಳಿ ಇದ್ದಿಲಿನ ಮೂಲಕ ಹಾದು, ಅಂಟಿದ್ದ ಆವಿಯನ್ನು ಎಬ್ಬಿಸಿಕೊಂಡು ಹೋಗಿ ಸಿಲಿಂಡರಿನಲ್ಲಿ ಉರಿಯುತ್ತದೆ. ವ್ಯರ್ಥವಾಗಬೇಕಿದ್ದ ಪೆಟ್ರೋಲ್ ಬಳಕೆಗೆ ಬರುತ್ತದೆ.

ನಮ್ಮ ದೇಶದಲ್ಲಿ ಹೊಸ ಪೆಟ್ರೋಲ್ ಕಾರಿನ ಮಾದರಿಗೆ ಒಪ್ಪಿಗೆ ಕೊಡುವಾಗ ಈ ಆವಿಗೂ ಪರೀಕ್ಷೆ ಉಂಟು. ಗಾಳಿಯಾಡದ ಕೋಣೆಯೊಳಗೆ ಕಾರನ್ನು ನಿಲ್ಲಿಸಿ, ಹೊರಬಂದ ಆವಿಯನ್ನು ಅಳೆಯುತ್ತಾರೆ. ಮಿತಿ ಒಂದು ಪರೀಕ್ಷೆಗೆ 2 ಗ್ರಾಂ. ಅಂದರೆ ಅರ್ಧ ಟೀ ಚಮಚದಷ್ಟು ಪೆಟ್ರೋಲ್. ಇಷ್ಟು ಬಿಗಿಯಾದ ಲೆಕ್ಕವನ್ನು ಕಾರ್ಖಾನೆ ಪಾಲಿಸುತ್ತದೆ. ಗ್ಯಾರೇಜಿನಲ್ಲಿ ಒಂದು ಹೋಸ್ ಕಿತ್ತರೆ ಆ ಲೆಕ್ಕವೆಲ್ಲ ಗಾಳಿಗೆ ಹೋಗುತ್ತದೆ.

ಹೋದರೆ ಏನಾಯಿತು ಎಂದು ಕೇಳಬಹುದು. ಮೊದಲನೆಯದು ಬೆಂಕಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ವಾಸ. ಅದೇ ಪಾರ್ಕಿಂಗಿನಲ್ಲಿ ನೀರಿನ ಮೋಟಾರು, ಕರೆಂಟ್ ಮೀಟರ್ ಬೋರ್ಡು. ಎರಡನೆಯದು ಆರೋಗ್ಯ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ನಮ್ಮ ಮಾನದಂಡ ಅದನ್ನು ಶೇ 1ಕ್ಕೆ ಮಿತಿಗೊಳಿಸಿರುವುದೇ ಅದು ಕ್ಯಾನ್ಸರ್‌ಕಾರಕ ಎಂಬ ಕಾರಣಕ್ಕೆ. ಮೂರನೆಯದು ಓಝೋನ್. 1950ರ ದಶಕದಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಯ ಹೊಗೆಮಂಜು ಮುಚ್ಚಿದಾಗ ಏರಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿ ಕಾರಣ ಹುಡುಕಿದರು. ಸುಡದೆ ಉಳಿದ ಇಂಧನದ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಝೋನ್ ಹುಟ್ಟಿಸುತ್ತಿದ್ದವು. ಆವಿ ನಿಯಂತ್ರಣ ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದ, ಅಮೆರಿಕದಾದ್ಯಂತ 1971ರಿಂದ ಕಡ್ಡಾಯವಾಯಿತು. ಮೈಸೂರು ರಸ್ತೆಯ ಮಟ್ಟಿಗೆ ನೈಟ್ರೋಜನ್ ಆಕ್ಸೈಡಿಗೂ ಬರವಿಲ್ಲ, ಬಿಸಿಲಿಗೂ ಬರವಿಲ್ಲ.

ಇದಕ್ಕೆ ಎಥೆನಾಲ್ ಕೂಡ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಹಳೆಯ ಕಾರಿನ ರಬ್ಬರ್ ಹೋಸ್‌ಗಳಲ್ಲಿ ಕೆಲವು ಎಥೆನಾಲಿಗೆ ಉಬ್ಬುತ್ತವೆ, ಬಿರುಕು ಬಿಡುತ್ತವೆ. ಎಂಜಿನ್ ಬದಲಿಸುವ ದಿನವೇ ಆ ಹೋಸ್‌ಗಳನ್ನೂ ಬದಲಿಸದಿದ್ದರೆ ಇನ್ನು ಯಾವಾಗ?

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಇದು ದೊಡ್ಡ ವಿದ್ಯೆಯೇನಲ್ಲ. ಎಂಜಿನ್ ಇಳಿಸುವ ಮೊದಲು ಪ್ರತಿ ಹೋಸಿನ ಫೋಟೊ ತೆಗೆದು, ಚೀಟಿ ಅಂಟಿಸಬೇಕು. ಕ್ಯಾನಿಸ್ಟರಿಗೆ ಸಾಮಾನ್ಯವಾಗಿ ಮೂರು ಬಾಯಿ: ಒಂದು ಟ್ಯಾಂಕಿಗೆ, ಒಂದು ಎಂಜಿನ್ನಿಗೆ, ಒಂದು ಹೊರಗಿನ ಗಾಳಿಗೆ. ಡಬ್ಬಿ ಅಲ್ಲಾಡಿಸಿದಾಗ ಕಾಳು ಸಡಿಲವಾಗಿ ಸದ್ದು ಮಾಡಿದರೆ ಅಥವಾ ಪೆಟ್ರೋಲ್ ಕುಡಿದು ಭಾರವಾಗಿದ್ದರೆ ಬೇರೆ ತರಬೇಕು. ಪರ್ಜ್ ವಾಲ್ವಿಗೆ ಕರೆಂಟ್ ಇಲ್ಲದಾಗ ಗಾಳಿ ಹಾಯಬಾರದು, 12 ವೋಲ್ಟ್ ಕೊಟ್ಟಾಗ ‘ಟಕ್’ ಎಂದು ತೆರೆಯಬೇಕು. ಬೇರೆ ಕಾರಿನ ಎಂಜಿನ್ ತರುವುದಾದರೆ ಅದರ ಕ್ಯಾನಿಸ್ಟರ್, ವಾಲ್ವ್, ವೈರಿಂಗ್ ಎಲ್ಲವನ್ನೂ ಜತೆಗೇ ತರಬೇಕು, ಏಕೆಂದರೆ ಆ ಇಸಿಯು ಅವುಗಳ ಲೆಕ್ಕದಲ್ಲೇ ಇಂಧನ ಅಳೆಯುತ್ತದೆ. ವಾಲ್ವ್ ಇಲ್ಲದೆ ಹೋಸನ್ನು ನೇರವಾಗಿ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಐಡಲ್ ಕೆಡುತ್ತದೆ. ಟರ್ಬೊ ಎಂಜಿನ್ ಆದರೆ ಗಾಳಿ ಹಿಂದಕ್ಕೆ ಕ್ಯಾನಿಸ್ಟರಿಗೆ ನುಗ್ಗದಂತೆ ಒಂದು ಚೆಕ್ ವಾಲ್ವ್ ಬೇಕೇ ಬೇಕು. ಟ್ಯಾಂಕಿನ ಹೋಸಿಗೆ ಬೋಲ್ಟ್ ತುರುಕಿ ಮುಚ್ಚುವುದಂತೂ ಕೂಡದು. ಬಿಸಿಲಿಗೆ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ, ಮುಚ್ಚಳ ತೆಗೆದವರ ಮುಖಕ್ಕೆ ಆವಿ ಹೊಡೆಯುತ್ತದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹಾಳಾದ ಎಂಜಿನ್ ಬದಲು ಅದೇ ಮಾದರಿಯದನ್ನು ಹಾಕಿದರೂ ಆರ್‌ಟಿಒಗೆ ತಿಳಿಸಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಸೇರಿಸಬೇಕು. ನಂಬರ್ ನೋಡುವುದು ಸರಿ. ಆದರೆ ಆವಿಯ ಹೋಸ್ ಜೋಡಿಸಿದೆಯೇ ಎಂದು ನೋಡುವವರು ಯಾರು? ಎಮಿಷನ್ ಟೆಸ್ಟ್ ಅಳೆಯುವುದು ಸೈಲೆನ್ಸರಿನಿಂದ ಬರುವ ಅನಿಲವನ್ನು ಮಾತ್ರ. ಕ್ಯಾನಿಸ್ಟರ್ ಗುಜರಿ ಸೇರಿದ ಕಾರಿಗೂ ಸರ್ಟಿಫಿಕೇಟ್ ಸಿಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬೇರೆ ದಾರಿ ಇದೆ. ಅಲ್ಲಿ ಎಂಜಿನ್ ಬದಲಿಸಬಹುದು. ಆದರೆ ಹೊಸ ಎಂಜಿನ್ ಕಾರಿಗಿಂತ ಹಳೆಯ ವರ್ಷದ್ದಾಗಿರಬಾರದು, ಆ ಎಂಜಿನ್ನಿನ ಮಾಲಿನ್ಯ ನಿಯಂತ್ರಣ ಭಾಗಗಳೆಲ್ಲ ಜತೆಗೆ ಬರಬೇಕು, ರೆಫರಿ ಎಂದು ಕರೆಯುವ ತಪಾಸಕರು ಕಣ್ಣಾರೆ ನೋಡಿ ಒಪ್ಪಬೇಕು. ನಮ್ಮಲ್ಲೂ ಎಂಜಿನ್ ನಂಬರ್ ಬದಲಿಸಲು ಬಂದ ಕಾರಿನ ಬಾನೆಟ್ ತೆಗೆದು ಹತ್ತು ನಿಮಿಷ ನೋಡುವ ಒಂದು ಪಟ್ಟಿ ಮಾಡಿದರೆ ಸಾಕು. ಕ್ಯಾನಿಸ್ಟರ್ ಇದೆಯೇ, ವಾಲ್ವ್ ಇದೆಯೇ, ಹೋಸ್ ಬಿಗಿಯಾಗಿದೆಯೇ? ಇದಕ್ಕೆ ದುಬಾರಿ ಯಂತ್ರವೇನೂ ಬೇಡ.

‘ಇಷ್ಟೊಂದು ವಾಹನ ಓಡಾಡುವಾಗ ಒಂದು ಹಳೆಯ ಕಾರಿನ ಆವಿ ಯಾವ ಲೆಕ್ಕ?’ ಎನ್ನುವವರಿದ್ದಾರೆ. ಲಾರಿಯ ಹೊಗೆ ರಸ್ತೆಯಲ್ಲಿ ಹಾದುಹೋಗುತ್ತದೆ. ಈ ಆವಿ ರಾತ್ರಿಯಿಡೀ ನಮ್ಮ ಮನೆಯ ಕೆಳಗೇ ಕೂತಿರುತ್ತದೆ. ಖರ್ಚಿನ ಮಾತು ಆಡುವವರೂ ಇದ್ದಾರೆ, ಅದು ನ್ಯಾಯವಾದ ಮಾತೇ. ಎಂಜಿನ್ ಹೊಸದು ಕೊಳ್ಳಲಾಗದೆ ಗುಜರಿಗೆ ಹೋದವರು ಪ್ರತಿ ರೂಪಾಯಿ ಎಣಿಸುತ್ತಾರೆ. ಆದರೆ ಅದೇ ಮಾದರಿಯ ಎಂಜಿನ್ ಹಾಕುವಾಗ ಕ್ಯಾನಿಸ್ಟರ್ ಕಾರಿನಲ್ಲೇ ಇರುತ್ತದೆ. ಅದನ್ನು ಕಿತ್ತೆಸೆಯದಿರಲು ಹಣ ಬೇಕಿಲ್ಲ. ಹೋಸ್, ಕ್ಲಿಪ್ಪುಗಳ ಖರ್ಚು ಎಂಜಿನ್ ಬೆಲೆಯ ಮುಂದೆ ಸಣ್ಣದು.

ಕೊನೆಯದಾಗಿ ನನ್ನ ಓರಗೆಯವರಿಗೆ ಒಂದು ಮಾತು. ಪರೀಕ್ಷೆಯಲ್ಲಿ ಈ ವ್ಯವಸ್ಥೆಯ ಚಿತ್ರ ಬಿಡಿಸಿ ಅಂಕ ಪಡೆಯುತ್ತೇವೆ, ಆದರೆ ಬಾನೆಟ್ ಎತ್ತಿ ತೋರಿಸು ಎಂದರೆ ತಡವರಿಸುತ್ತೇವೆ. ಗ್ಯಾರೇಜಿನವರಿಗೆ ಕೈ ಪಳಗಿದೆ, ನಮಗೆ ಚಿತ್ರ ಗೊತ್ತಿದೆ. ಎರಡೂ ಒಂದೇ ಕಡೆ ಸೇರುತ್ತಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕೊಯ್ದಿಟ್ಟ ಎಂಜಿನ್ ಮಾದರಿಯ ಪಕ್ಕ ಒಂದು ಹಳೆಯ ಕ್ಯಾನಿಸ್ಟರ್ ಕೂಡ ಇರಲಿ. ರೇಸ್ ಕಾರ್ ಸ್ಪರ್ಧೆಗೆ ಬೈಕ್ ಎಂಜಿನ್ ಕೂರಿಸುವ ತಂಡಗಳು ಆವಿಯ ಹೋಸಿಗೂ ಒಬ್ಬರನ್ನು ನೇಮಿಸಲಿ. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಇದು ಸಂದರ್ಶನದಲ್ಲಿ ಹೇಳಿಕೊಳ್ಳಬಹುದಾದ ಕೈಕಸುಬು. 2017ರ ಏಪ್ರಿಲ್‌ನಲ್ಲಿ ಬಿಎಸ್–4 ಬಂದ ಮೇಲೆ ಬೈಕು, ಸ್ಕೂಟರುಗಳಲ್ಲೂ ಈ ಡಬ್ಬಿ ಸೇರಿದೆ, ಹಾಗಾಗಿ ರಿಪೇರಿಗೆ ಕೊರತೆಯಿಲ್ಲ. ಮುಂದಿನ ಸಲ ಸರ್ವಿಸ್‌ಗೆ ಬಿಟ್ಟಾಗ ನಿಮ್ಮ ಗಾಡಿಯ ಡಬ್ಬಿ ಎಲ್ಲಿದೆ ಎಂದು ಕೇಳಿ. ಹಾಗೆಯೇ, ಪೆಟ್ರೋಲ್ ಬಂಕಿನಲ್ಲಿ ಗನ್ ತಾನಾಗಿ ‘ಟಕ್’ ಎಂದು ನಿಂತ ಮೇಲೂ ರೌಂಡ್ ಫಿಗರ್ ಮಾಡಲು ಇನ್ನಷ್ಟು ತುಂಬಿಸಬೇಡಿ. ಹೆಚ್ಚಾದ ಪೆಟ್ರೋಲ್ ಇದ್ದಿಲಿಗೆ ಇಳಿದರೆ, ಯಾರೂ ಕೀಳದಿದ್ದರೂ ಆ ಡಬ್ಬಿ ಸತ್ತಂತೆಯೇ.