ಎರವಿನ ಹೆಸರು



ಎರವಿನ ಒಡವೆಯನ್ನು ತೊಟ್ಟು ಮದುವೆಯ ಮನೆಗೆ ಹೋಗುವವಳ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುವುದು. ಒಡವೆಯನ್ನು ಹಿಂದಕ್ಕೆ ಕೊಡಬೇಕೆಂಬುದನ್ನು ಆಕೆ ಬಲ್ಲಳು. ಆದರೆ ಒಡವೆಯನ್ನು ಕೊಟ್ಟವರ ಮನೆಯೇ ಸಾಲಕ್ಕಾಗಿ ಜಫ್ತಿಯಾಯಿತೆಂದರೆ ಆಕೆಯ ಪಾಡೇನು? ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಇದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ನಮ್ಮ ಮುಂದಿಟ್ಟನು.

ಆತನು ಮೂರು ವರ್ಷಗಳ ಹಿಂದೆ ಒಂದು ಕಂಪನಿಯ ಹೆಸರಿನಲ್ಲಿ ಬೇಕರಿಯನ್ನು ತೆರೆದನು. ಹೆಸರು, ಬಣ್ಣದ ಫಲಕ, ತಿನಿಸುಗಳ ಪಾಕವಿಧಾನ, ಇವೆಲ್ಲವೂ ಕಂಪನಿಯವು. ಅಂಗಡಿ, ಬಂಡವಾಳ, ದುಡಿಮೆಗಳು ಈತನವು. ಈ ಏರ್ಪಾಟಿಗೆ ಫ್ರಾಂಚೈಸಿ ಎಂದು ಹೆಸರು. ಠೇವಣಿಯ ಹಣಕ್ಕಾಗಿ ಆತನ ಪತ್ನಿಯ ಬಳೆಗಳು ಬ್ಯಾಂಕನ್ನು ಸೇರಿದುವು. ಈಗ ಆ ಕಂಪನಿಯು ದಿವಾಳಿಯೆದ್ದಿದೆ. “ಮೇಷ್ಟ್ರೇ, ನಾನು ಬೋರ್ಡು ಇಳಿಸಬೇಕೆ? ಜನ ಬರುವುದು ಆ ಹೆಸರು ನೋಡಿ, ನನ್ನ ಮುಖ ನೋಡಿ ಅಲ್ಲ” ಎಂದನು. ನಾವು ವ್ಯಾಕರಣವನ್ನು ಕಲಿಸಿದವರೇ ಹೊರತು ಕಾನೂನನ್ನಲ್ಲ. ಆದರೂ ವಕೀಲಮಿತ್ರರೊಬ್ಬರ ನೆರವಿನಿಂದ ತಿಳಿದುಕೊಂಡುದನ್ನು ಇಲ್ಲಿ ಅರಿಕೆಮಾಡುವೆವು.

ಈ ಪ್ರಶ್ನೆಯು ಕೂಲಂಕಷವಾಗಿ ಚರ್ಚಿತವಾದುದು ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ. ಅಲ್ಲಿ ದಿವಾಳಿಯಾದವನು ತನಗೆ ಭಾರವಾಗಿರುವ, ಇನ್ನೂ ನಡೆಯಬೇಕಾಗಿರುವ ಕರಾರನ್ನು ನ್ಯಾಯಾಲಯದ ಅಪ್ಪಣೆಯಿಂದ ನಿರಾಕರಿಸಬಹುದು. 1985ರಲ್ಲಿ ಲ್ಯೂಬ್ರಿಜಾಲ್ ಎಂಬ ಕಂಪನಿಯ ಮೊಕದ್ದಮೆಯಲ್ಲಿ ಅಲ್ಲಿಯ ಒಂದು ಮೇಲ್ಮನವಿ ನ್ಯಾಯಾಲಯವು, ಹಾಗೆ ನಿರಾಕರಿಸಿದರೆ ಅನುಮತಿ ಪಡೆದವನ ಹಕ್ಕೂ ಅಳಿಯುವುದೆಂದು ತೀರ್ಪಿತ್ತಿತು. 1988ರಲ್ಲಿ ಶಾಸನಸಭೆಯು ಕಾನೂನನ್ನು ತಿದ್ದಿ ಪೇಟೆಂಟು, ಗ್ರಂಥಸ್ವಾಮ್ಯ, ವ್ಯಾಪಾರರಹಸ್ಯ ಇವುಗಳ ಅನುಮತಿ ಪಡೆದವರಿಗೆ ರಕ್ಷಣೆಯನ್ನು ಕೊಟ್ಟಿತು. ವ್ಯಾಪಾರಮುದ್ರೆಯನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. ಮುದ್ರೆಯ ಒಡೆಯನು ಸರಕಿನ ಗುಣವನ್ನು ಸದಾ ಕಾಯುತ್ತಿರಬೇಕು. ಕಾಯದಿದ್ದರೆ ಮುದ್ರೆಯೇ ಬೆಲೆಗೆಡುವುದು. ತಾನೇ ಮುಳುಗುತ್ತಿರುವವನು ಅದನ್ನು ಕಾಯುವುದೆಂತು? ತೊಡಕು ಇದ್ದುದು ಇಲ್ಲಿಯೇ.

ಮೂವತ್ತೊಂದು ವರ್ಷಗಳ ಅನಂತರ ಈ ಸಂಶಯವು ಪರಿಹಾರವಾಯಿತು. ಟೆಂಪ್ನಾಲಜಿ ಎಂಬ ಕಂಪನಿಯು ಮೈಯನ್ನು ತಂಪಾಗಿಡುವ ಬಟ್ಟೆಗಳನ್ನು ‘ಕೂಲ್‌ಕೋರ್’ ಎಂಬ ಹೆಸರಿನಲ್ಲಿ ಮಾಡುತ್ತಿತ್ತು. ಆ ಹೆಸರನ್ನು ಬಳಸಲು 2012ರಲ್ಲಿ ಮಿಷನ್ ಪ್ರಾಡಕ್ಟ್ ಹೋಲ್ಡಿಂಗ್ಸ್ ಎಂಬ ಸಂಸ್ಥೆಗೆ ಅನುಮತಿಯಿತ್ತಿತು. 2015ರಲ್ಲಿ ದಿವಾಳಿಯ ಅರ್ಜಿಯನ್ನು ಹಾಕಿ ಆ ಕರಾರನ್ನು ನಿರಾಕರಿಸಿತು. ವ್ಯಾಜ್ಯವು ಮೆಟ್ಟಿಲು ಮೆಟ್ಟಿಲಾಗಿ ಸುಪ್ರೀಂ ಕೋರ್ಟನ್ನು ಮುಟ್ಟಿತು. 2019ನೆಯ ಮೇ 20ರಂದು ಎಂಟು ಮಂದಿ ನ್ಯಾಯಮೂರ್ತಿಗಳು ಒಂದು ಕಡೆಗೂ ಒಬ್ಬರು ಇನ್ನೊಂದು ಕಡೆಗೂ ಇರಲು, ನ್ಯಾಯಮೂರ್ತಿ ಎಲೀನಾ ಕೇಗನ್ನರು ತೀರ್ಪನ್ನು ಬರೆದರು. ಅದರ ತಾತ್ಪರ್ಯವಿಷ್ಟು: ನಿರಾಕರಣವೆಂದರೆ ಕರಾರಿನ ಭಂಗವೇ ಹೊರತು ಕರಾರು ಹುಟ್ಟಲೇ ಇಲ್ಲವೆಂದಲ್ಲ. ಪ್ರತಿಗಳನ್ನು ತೆಗೆಯುವ ಯಂತ್ರವೊಂದನ್ನು ಬಾಡಿಗೆಗೆ ಕೊಟ್ಟ ವರ್ತಕನು ಅದರ ದುರಸ್ತಿಯನ್ನು ನಿಲ್ಲಿಸಿದನೆಂದು ಅವರು ದೃಷ್ಟಾಂತವಿತ್ತರು. ಬಾಡಿಗೆಗೆ ಪಡೆದವನು ಬಾಡಿಗೆಯನ್ನು ತೆರುತ್ತ ಯಂತ್ರವನ್ನು ಇಟ್ಟುಕೊಳ್ಳಬಹುದು. ತಾನೇ ಮಾತಿಗೆ ತಪ್ಪಿದ ವರ್ತಕನು ಅದನ್ನು ಕಿತ್ತುಕೊಂಡು ಹೋಗುವಂತಿಲ್ಲ. ಮುದ್ರೆಗೂ ಇದೇ ನ್ಯಾಯ.

ಇದನ್ನು ಓದಿ ಹಿಗ್ಗುವುದಕ್ಕೆ ಮುನ್ನ ಒಂದು ಮಾತುಂಟು. ಹೆಸರು ಉಳಿದರೂ ಹೆಸರಿನ ಹಿಂದೆ ಇದ್ದ ಸರಬರಾಯಿ, ಜಾಹೀರಾತು, ತರಬೇತಿಗಳು ಉಳಿಯುವುದಿಲ್ಲ. ನಷ್ಟಕ್ಕಾಗಿ ಹಕ್ಕು ಹೂಡಬಹುದು. ಆದರೆ ಆ ಹಕ್ಕು ಅಡಮಾನವಿಲ್ಲದ ಸಾಲಗಳ ಸಾಲಿನಲ್ಲಿ ನಿಲ್ಲುವುದು. ಸಂಸ್ಕೃತದಲ್ಲಿ ಸಾಲ ಕೊಟ್ಟವನನ್ನು ಉತ್ತಮರ್ಣನೆಂದು ಕರೆಯುವರು. ದಿವಾಳಿಯ ಪಂಕ್ತಿಯಲ್ಲಿ ಕೊನೆಯ ಎಲೆಗೆ ಕುಳಿತ ಉತ್ತಮರ್ಣನಿಗೆ ಹೆಸರಿನ ಉತ್ತಮತ್ವವಷ್ಟೇ ದಕ್ಕುವುದು ಅಪರೂಪವಲ್ಲ.

ನಮ್ಮ ದೇಶದ ವಿಷಯಕ್ಕೆ ಬರೋಣ. ಮೇಲೆ ಹೇಳಿದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟುವುದಿಲ್ಲ. ನಮ್ಮ 2016ನೆಯ ಇಸವಿಯ ದಿವಾಳಿ ಸಂಹಿತೆಯಲ್ಲಿ ಮುದ್ರೆಯ ಅನುಮತಿ ಪಡೆದವನ ರಕ್ಷಣೆಗೆಂದು ಪ್ರತ್ಯೇಕವಾದ ಕಲಮೂ ಇಲ್ಲ. ಪ್ರಕರಣವು ಅಂಗೀಕೃತವಾದೊಡನೆ ಕಂಪನಿಯ ಆಡಳಿತವು ಬೇರೊಬ್ಬರ ವಶಕ್ಕೆ ಹೋಗುವುದು. ಕಂಪನಿಯ ಮೇಲೆ ದಾವೆ ಹೂಡುವುದಕ್ಕೆ ತಡೆ ಬೀಳುವುದು. ಮುದ್ರೆಯೂ ಆಸ್ತಿಯೇ ಆದಕಾರಣ ಅದು ಹೊಸ ಒಡೆಯನ ಕೈಸೇರಲೂಬಹುದು. ಹೀಗಿರಲು ಕರಾರುಪತ್ರದ ಒಂದೊಂದು ಮಾತೂ ಮುಖ್ಯವಾಗುವುದು.

ರುಜು ಹಾಕುವ ಮೊದಲು ಈ ನಾಲ್ಕನ್ನು ವಿಚಾರಿಸಬೇಕು. ಮುದ್ರೆಯು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಕರಾರು ಮಾಡುವ ಕಂಪನಿ ಒಂದು, ಮುದ್ರೆಯ ಒಡೆತನ ಇನ್ನೊಂದರದು ಆಗಿರಬಹುದು. ಕಂಪನಿಯು ದಿವಾಳಿಯಾದರೆ, ಅಥವಾ ಮುದ್ರೆಯು ಮಾರಾಟವಾದರೆ, ನಮ್ಮ ಅನುಮತಿ ಮುಂದುವರಿಯುವುದೆಂದು ಬರೆದಿದೆಯೆ? 1999ರ ವ್ಯಾಪಾರಮುದ್ರಾ ಶಾಸನದಂತೆ ನೋಂದಾಯಿತ ಬಳಕೆದಾರನೆಂದು ದಾಖಲಾಗಲು ಕಂಪನಿ ಒಪ್ಪುವುದೆ? ಠೇವಣಿಯನ್ನು ಪ್ರತ್ಯೇಕವಾಗಿ ಇಡುವರೆ, ಅಥವಾ ಕಂಪನಿಯ ಹಣದಲ್ಲಿಯೇ ಬೆರಸುವರೆ? ಇನ್ನು ಕಂಪನಿಯು ಈಗಾಗಲೇ ಮುಳುಗಿದ್ದರೆ, ಸಿಟ್ಟಿನಿಂದ ಕರಾರಿನ ಹಣವನ್ನು ಕೊಡುವುದನ್ನು ನಿಲ್ಲಿಸಬಾರದು. ನಮ್ಮ ತಪ್ಪೇ ನಮ್ಮ ಹಕ್ಕಿಗೆ ಕುತ್ತಾಗಬಹುದು. ಮೊದಲು ವಕೀಲರನ್ನು ಕಾಣಬೇಕು. ಬರಬೇಕಾದ ಹಣದ ಹಕ್ಕನ್ನು ವಾಯಿದೆಯೊಳಗೆ ಸಲ್ಲಿಸಬೇಕು.

ಶಿಷ್ಯನ ಕರಾರುಪತ್ರವನ್ನು ನಾವೂ ಓದಿದೆವು. ಈತನು ತಪ್ಪಿದರೆ ಏನಾಗುವುದೆಂಬುದಕ್ಕೆ ಆರು ಪುಟಗಳಿದ್ದುವು. ಕಂಪನಿಯು ಮುಳುಗಿದರೆ ಏನಾಗುವುದೆಂಬುದಕ್ಕೆ ಒಂದು ಸಾಲೂ ಇರಲಿಲ್ಲ. “ಆಗ ಓದಲಿಲ್ಲವೇನಪ್ಪ?” ಎಂದು ಕೇಳಿದೆವು. “ಇಂಗ್ಲಿಷಿನಲ್ಲಿತ್ತು, ಮೇಷ್ಟ್ರೇ, ರುಜು ಹಾಕುವ ಜಾಗವನ್ನು ಅವರೇ ತೋರಿಸಿದರು” ಎಂದನು. ಆತನ ಫಲಕವು ಸದ್ಯಕ್ಕೆ ಇಳಿದಿಲ್ಲ. ಹಕ್ಕಿನ ಅರ್ಜಿಯನ್ನು ಸಲ್ಲಿಸಿದ್ದಾನೆ. ಬಳೆಗಳು ಬ್ಯಾಂಕಿನಲ್ಲಿಯೇ ಇವೆ.

ಇಂಥ ಕಾಗದವು ಮನೆಗೆ ಬಂದಾಗ ಗೃಹಸ್ಥರು ಒಂದು ರಾತ್ರಿ ದೀಪದ ಮುಂದೆ ಕುಳಿತು ಅದನ್ನು ಮನೆಮಂದಿಗೆಲ್ಲ ಕನ್ನಡದಲ್ಲಿ ಓದಿ ಹೇಳಲಿ. ಬಳೆಯನ್ನು ಬಿಚ್ಚಿಕೊಡುವವಳು ಕೇಳುವ ಒಂದು ಪ್ರಶ್ನೆಯು ಆರು ಪುಟಗಳ ಕಾನೂನಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಬಹುದು.