ಹಾಡಿದವರು ಯಾರು ಸ್ವಾಮಿ?

ರೇಡಿಯೊ ಕೇಳುವವರಲ್ಲಿ ಹೆಚ್ಚಿನವರು ಕಛೇರಿಗೆ ತಡವಾಗಿ ಬಂದವರೇ. ಕಾರ್ಯಕ್ರಮ ಶುರುವಾಗುವ ಗಳಿಗೆಗೆ ಸರಿಯಾಗಿ ಕೈಕಟ್ಟಿ ಕೂತು ಗುಂಡಿ ಒತ್ತುವವರು ಯಾರೂ ಇಲ್ಲ. ಹಾಲು ಉಕ್ಕಿದ ಮೇಲೋ, ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿದ ಮೇಲೋ, ಸಿಲ್ಕ್ ಬೋರ್ಡ್ ಬಳಿ ಕಾರು ಅಲ್ಲಾಡದೆ ನಿಂತ ಮೇಲೋ ರೇಡಿಯೊ ನೆನಪಾಗುತ್ತದೆ. ಅಷ್ಟರಲ್ಲಿ ಆಲಾಪನೆ ಅರ್ಧ ಆಗಿರುತ್ತದೆ. ಯಾರದೋ ಕಂಠ, ಯಾವುದೋ ರಾಗ, ಹಿಂದೆ ಯಾರದೋ ಪಿಟೀಲು ಬಿಡದೆ ಬೆನ್ನಟ್ಟಿ ಬರುತ್ತಿರುತ್ತದೆ. ಕೃತಿ ಮುಗಿಯುತ್ತದೆ. ಈಗ ಹೆಸರು ಹೇಳುತ್ತಾರೆ ಎಂದು ಕಿವಿಗೊಟ್ಟರೆ ಲಸಿಕೆಯ ಜಾಹೀರಾತು, ಅದರ ಬೆನ್ನಿಗೇ ವಾರ್ತೆ. ಹಾಡಿದವರು ಯಾರೆಂದು ಇಡೀ ದಿನ ತಲೆ ಕೆರೆದುಕೊಳ್ಳುವುದು ನಮ್ಮ ಪಾಡು.

ಶಾಸ್ತ್ರೀಯ ಸಂಗೀತವನ್ನು ದಿನವೂ ನಮಗೆ ಕೇಳಿಸುವ ಉದ್ಘೋಷಕರಲ್ಲಿ ನನ್ನದು ಒಂದೇ ಅಹವಾಲು. ಮುಗಿದ ಮೇಲೂ ಹೆಸರು ಹೇಳಿ.

ಇದೇನು ಹೊಸ ಬೇಡಿಕೆಯಲ್ಲ. ನಮ್ಮ ಸಂಗೀತದ ಧ್ವನಿಮುದ್ರಣ ಕಣ್ಣು ಬಿಟ್ಟದ್ದೇ ಹೀಗೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಮೂರು ನಿಮಿಷದ ಹಾಡಿನ ತುದಿಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಜಂಬಕ್ಕಲ್ಲ. ಆ ಮುದ್ರಣ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಯಾಗಬೇಕಿತ್ತು. ನಮ್ಮ ಭಾಷೆಯ ಗಂಧವಿಲ್ಲದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕೆಂದು ಗೊತ್ತಾಗಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಐದು ವರ್ಷ ಕಳೆದು 1935ರ ಸೆಪ್ಟೆಂಬರಿನಲ್ಲಿ, ಅದೇ ಊರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರು. ಇವತ್ತು ದೇಶವೆಲ್ಲ ಹೇಳುವ ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ನಿಲಯದ್ದಾಗಿತ್ತು.

ಉದ್ಘೋಷಕರ ಕಷ್ಟ ಗೊತ್ತಿಲ್ಲವೆಂದಲ್ಲ. ಬಾನುಲಿ ನಿಲಯದಲ್ಲಿ ಗಡಿಯಾರವೇ ದೊಡ್ಡ ಸಾಹೇಬ. ವಾರ್ತೆ ಯಾವ ವಿದ್ವಾಂಸರಿಗೂ ಅರೆಕ್ಷಣ ಕಾಯುವುದಿಲ್ಲ. ಸಭೆಯಲ್ಲಿ ಭೈರವಿಯನ್ನು ಮುಕ್ಕಾಲು ಗಂಟೆ ಹಾಡಿದವರ ಮುದ್ರಣವನ್ನು ಅರ್ಧ ಗಂಟೆಯ ಅವಧಿಯಲ್ಲಿ ಕೂರಿಸಬೇಕು. ಎಲ್ಲಿ ಕೈ ಹಾಕುವುದು? ಕೇಳಿ ಪಳಗಿದವರು ಮೊದಲೇ ಮುದ್ರಣ ಕೇಳಿ, ಪಲ್ಲವಿಗೆ ಮರಳುವ ಜಾಗ ಹುಡುಕಿ, ಅಲ್ಲಿ ಮೆಲ್ಲಗೆ ಫೇಡರ್ ಇಳಿಸುತ್ತಾರೆ. ಪಳಗದವರು ಕಲ್ಪನಾಸ್ವರದ ನಟ್ಟನಡುವೆ, ಗಾಯಕರು ಸಮಕ್ಕೆ ಬಂದು ಬೀಳುವ ಹೊತ್ತಿಗೇ ಕತ್ತರಿ ಆಡಿಸುತ್ತಾರೆ. ತನಿ ಆವರ್ತನದ ಗತಿಯಂತೂ ಹೇಳುವುದೇ ಬೇಡ. ಮೃದಂಗದವರು ಮೋರಾ ತೆಗೆದು ಮುಕ್ತಾಯಕ್ಕೆ ಬಂದರು ಎನ್ನುವಾಗ ಗಂಟೆ ಬಡಿಯುತ್ತದೆ.

ಹೀಗೆ ಸೆಕೆಂಡು ಸೆಕೆಂಡಿಗೆ ಜಗ್ಗಾಡುವಾಗ ಮೊದಲು ಬಲಿಯಾಗುವುದು ಕೊನೆಯ ಉದ್ಘೋಷಣೆ. ಉಪಾಯ ಕಷ್ಟದ್ದೇನಲ್ಲ: ಅರ್ಧ ನಿಮಿಷ ಕಡಿಮೆ ಇರುವ ಕೃತಿ ಆರಿಸಿಕೊಳ್ಳಿ. ಸಮಯ ಮಿಕ್ಕರೆ ಪುಟ್ಟ ದೇವರನಾಮ ಫಿಲ್ಲರ್ ಆಗಲಿ. ಗಾಯನ, ಪಿಟೀಲು, ಮೃದಂಗ, ಘಟ, ರಾಗ, ತಾಳ, ವಾಗ್ಗೇಯಕಾರ, ಇಷ್ಟನ್ನೂ ಆತುರಪಡದೆ ಹೇಳಲು 15 ಸೆಕೆಂಡ್ ಸಾಕು. ಗಡಿಯಾರ ಹಿಡಿದು ಓದಿ ನೋಡಿದ್ದೇನೆ. ‘ಬನ್ನಿ, ನಾದಸಾಗರದಲ್ಲಿ ಮಿಂದೇಳೋಣ’ ಎಂಬ ಪೀಠಿಕೆಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಪೀಠಿಕೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮೀಯುವವರು ಆಗಲೇ ಬಚ್ಚಲಿನಲ್ಲಿರುತ್ತಾರೆ.

ಪಕ್ಕವಾದ್ಯದವರ ಹೆಸರಿನ ಬಗ್ಗೆ ನನ್ನದು ತುಸು ಹೆಚ್ಚಿನ ಹಟ. ಅಂತರ್ಜಾಲದಲ್ಲಿ ಚೆಂಬೈ ಎಂದು ಹುಡುಕಿ ನೋಡಿ. ಸಿಗುವ ಎಷ್ಟೋ ಮುದ್ರಣಗಳ ನೆತ್ತಿಯ ಮೇಲೆ ಗಾಯಕರ ಹೆಸರೊಂದೇ ಇರುತ್ತದೆ. ಪಕ್ಕದಲ್ಲಿ ಕೂತು ಏಳು ತಂತಿಯ ಪಿಟೀಲು ನುಡಿಸಿದವರು ಮೈಸೂರಿನ ಚೌಡಯ್ಯನವರು ಎಂದು ತಿಳಿಯಬೇಕಾದರೆ ನಿಮಗೆ ಆ ನಾದದ ಪರಿಚಯ ಮೊದಲೇ ಇರಬೇಕು. ಬಾನುಲಿ ಕೇಳಿ ಬೆಳೆದವರಿಗೆ ಈ ತೊಂದರೆ ಇರಲಿಲ್ಲ. ‘ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು’ ಎಂಬ ಸಾಲು ದಿನವೂ ಕಿವಿಗೆ ಬಿದ್ದು, ಸಂಗೀತ ಕಲಿಯದ ಮನೆಯ ಮಕ್ಕಳಿಗೂ ಆ ಹೆಸರುಗಳು ಬಾಯಿಪಾಠವಾಗಿದ್ದವು.

ಹೆಸರು ಹೇಳದಿದ್ದರೆ ಏನಾಗುತ್ತದೆಂದು ನೋಡಬೇಕಾದರೆ ಹಾರ್ಮೋನಿಯಂ ಇದೆಯಲ್ಲ. ನಮ್ಮ ಶ್ರುತಿ, ಗಮಕಗಳಿಗೆ ಆ ಪೆಟ್ಟಿಗೆ ಒಗ್ಗದು ಎಂದು 1940ರಲ್ಲಿ ಅದನ್ನು ಆಲ್ ಇಂಡಿಯಾ ರೇಡಿಯೊದಿಂದ ಹೊರಗಿಟ್ಟರು. 1971ರವರೆಗೂ ಆ ಬಾಗಿಲು ತೆರೆಯಲಿಲ್ಲ. ಹುಬ್ಬಳ್ಳಿ ಧಾರವಾಡದ ಕಡೆ ಬೈಠಕ್‌ಗಳಲ್ಲಿ, ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ಇಲ್ಲದೆ ಸಂಗೀತವೇ ಏಳುತ್ತಿರಲಿಲ್ಲ; ಅದನ್ನು ನುಡಿಸಿದವರ ಹೆಸರು ಮಾತ್ರ ಮೂರು ದಶಕ ಬಾನುಲಿಯ ಕೇಳುಗರಿಗೆ ಮುಟ್ಟಲಿಲ್ಲ.

ಕರ್ನಾಟಕದ ಉದ್ಘೋಷಕರಿಗೆ ಇನ್ನೊಂದು ತಾಪತ್ರಯವೂ ಉಂಟು. ನಮ್ಮದು ಎರಡು ಸಂಗೀತದ ನಾಡು. ಮಲ್ಲಿಕಾರ್ಜುನ ಮನ್ಸೂರರು ಸಲಹೆಗಾರರಾಗಿದ್ದ ಧಾರವಾಡ ಆಕಾಶವಾಣಿಯ ಕೇಳುಗನಿಗೆ ತೋಡಿ ಎಂದರೆ ಒಂದು, ಮೈಸೂರಿನ ಕೇಳುಗನಿಗೆ ಇನ್ನೊಂದು. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಗೆ ಹತ್ತಿರ; ಇಲ್ಲಿಯ ತೋಡಿಯ ಸ್ವರಗಳು ಅಲ್ಲಿ ಭೈರವಿಯಲ್ಲಿ ಸಿಗುತ್ತವೆ. ಕರ್ನಾಟಕ ಸಂಗೀತದ ಹಿಂದೋಳ ಅಲ್ಲಿ ಮಾಲಕೌಂಸ್, ಆದರೆ ಅಲ್ಲಿಯ ಹಿಂಡೋಲ್ ಬೇರೆಯೇ ರಾಗ. ಬರೀ ‘ತೋಡಿ ರಾಗ’ ಎಂದು ಹೇಳಿ ಕೈತೊಳೆದುಕೊಂಡರೆ ಅರ್ಧ ರಾಜ್ಯಕ್ಕೆ ತಪ್ಪು ಹೇಳಿದಂತೆ. ‘ಹಿಂದೂಸ್ತಾನಿ ತೋಡಿ’ ಅನ್ನಿ, ಒಂದೇ ಪದ ಹೆಚ್ಚು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವ ಸಲೀಸು ದಾರಿಗಳೂ ಇವೆ. 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. ಶಾಸ್ತ್ರೀಯದ ನಡುವೆ ಅದರಿಂದ ಒಂದು ಹಾಡು ಹಾಕಿದರೆ ಆಕಾಶವೇನೂ ಕಳಚಿ ಬೀಳದು.

ಕಳಚಿ ಬೀಳುತ್ತದೆಂದು ನಂಬಿದವರೂ ಇದ್ದರು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನು ಆಕಾಶವಾಣಿಯಿಂದ ಓಡಿಸಿ, ಅದೇ ವರ್ಷ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದರು. ಎರಡನೆಯದಕ್ಕೆ ಅವರನ್ನು ನೆನೆಯಬೇಕು. ಮೊದಲನೆಯದರ ಫಲವಾಗಿ ಜನ ಮುಳ್ಳನ್ನು ರೇಡಿಯೊ ಸಿಲೋನಿಗೆ ತಿರುಗಿಸಿಕೊಂಡರು. 1957ರಲ್ಲಿ ವಿವಿಧ ಭಾರತಿ ತೆರೆದು ಅವರನ್ನು ವಾಪಸು ಕರೆಯಬೇಕಾಯಿತು. ಮುಂದೆ ಅದೇ ವಿವಿಧ ಭಾರತಿಯ ‘ಸಂಗೀತ್ ಸರಿತಾ’ ಬೆಳಗ್ಗೆ ಕೆಲವೇ ನಿಮಿಷದಲ್ಲಿ ರಾಗದ ನಡೆ ಹೇಳಿ, ಆ ರಾಗದ ಸಿನಿಮಾ ಹಾಡು ಕೇಳಿಸಿತು. ಸಚಿವರ ಆಜ್ಞೆಗಿಂತ ಆ ಕೆಲವು ನಿಮಿಷ ಹೆಚ್ಚು ಕಿವಿಗಳನ್ನು ತಿದ್ದಿರಬೇಕು ಎಂಬುದು ನನ್ನ ಗುಮಾನಿ.

ಈಗ ಸಂಗೀತಕ್ಕೆ ಬರವಿಲ್ಲ. 2016ರ ಗಣರಾಜ್ಯ ದಿನದಂದು ಬೆಂಗಳೂರಿನಿಂದಲೇ ಶುರುವಾದ ‘ರಾಗಂ’ ಇಪ್ಪತ್ತನಾಲ್ಕು ಗಂಟೆಯ ವಾಹಿನಿ, ಮೊಬೈಲಿನಲ್ಲಿ ಪ್ರಪಂಚದ ಯಾವ ಮೂಲೆಗೂ ಮುಟ್ಟುತ್ತದೆ. ಕ್ಯಾಲಿಫೋರ್ನಿಯಾದ ಕನ್ನಡಿಗನಿಗೆ ನಮ್ಮ ಬೆಳಗಿನ ಭೂಪಾಳ ಅವನ ಸಂಜೆಯ ಕಾಫಿಯ ಹೊತ್ತಿಗೆ ಕೇಳಿಸುತ್ತದೆ. ರಾಗಸಮಯದ ಶಾಸ್ತ್ರ ಬರೆದವರು ಇದನ್ನು ಊಹಿಸಿರಲಾರರು. ಹಾಡಿನ ಹಿಂದೆ ಹಾಡನ್ನು ಪೋಣಿಸಿ ಕೊಡಲು ಯಂತ್ರವೂ ಸಾಕು. ಆದರೆ ಯಂತ್ರಕ್ಕೆ ಯಾರೋ ತುಂಬಿಸಿದ ಹೆಸರಷ್ಟೇ ಗೊತ್ತು. ತುಂಬಿಸುವಾಗ ಘಟದವರನ್ನು ಬಿಟ್ಟಿದ್ದರೆ ಅವರು ಬಿಟ್ಟೇ ಹೋದರು.

ನಿಲಯಗಳಲ್ಲಿ ಹೊಸ ಉದ್ಘೋಷಕರನ್ನು ಆರಿಸುವಾಗ ಧ್ವನಿ ನೋಡುತ್ತಾರೆ, ಉಚ್ಚಾರ ನೋಡುತ್ತಾರೆ, ಅಕಾರ ಹಕಾರ ಸರಿಯಿದೆಯೇ ಎಂದು ನೋಡುತ್ತಾರೆ. ಜೊತೆಗೆ ಹೆಸರಿಲ್ಲದ ಒಂದು ಹಳೆಯ ಮುದ್ರಣ ಕೇಳಿಸಿ ‘ಇದು ಯಾರು, ಯಾವ ರಾಗ, ಪಕ್ಕದಲ್ಲಿ ಯಾರು’ ಎಂದೂ ಕೇಳಲಿ. ಥಟ್ಟನೆ ಉತ್ತರ ಹೇಳಿದವರನ್ನು ತೆಗೆದುಕೊಳ್ಳಿ. ‘ಗೊತ್ತಿಲ್ಲ ಸಾರ್, ಆದರೆ ನಾಳೆಯೊಳಗೆ ಯಾರನ್ನಾದರೂ ಕೇಳಿ ಹೇಳುತ್ತೇನೆ’ ಎಂದವರಿದ್ದರೆ ಅವರಿಗೆ ಬೆಳಗಿನ ಪಾಳಿಯನ್ನೇ ಕೊಡಿ.