ಫೆಲೋಶಿಪ್ ಮುಗಿದ ಮೇಲೆ ಮುಂದೇನು?



ಧಾರವಾಡದ ಸಪ್ತಾಪುರದಲ್ಲಿ ಸಂಜೆ ಓಡಾಡಿದರೆ ಕೋಚಿಂಗ್ ಸೆಂಟರುಗಳ ಬೋರ್ಡು, ರೀಡಿಂಗ್ ರೂಮಿಗೆ ಹೊರಟ ಪದವೀಧರರು ಎಲ್ಲೆಲ್ಲೂ ಕಾಣುತ್ತಾರೆ. ಐಎಎಸ್‌ಗೆ ಸಾಮಾನ್ಯ ವರ್ಗದವರು 32 ವರ್ಷದವರೆಗೆ 6 ಸಲ ಪರೀಕ್ಷೆ ಬರೆಯಬಹುದು. ಇಷ್ಟು ಕಾಲ ಆಡಳಿತದ ಬಗ್ಗೆ ಓದುವವರಲ್ಲಿ ಹೆಚ್ಚಿನವರು ಸರ್ಕಾರಿ ಕಡತವೊಂದನ್ನು ಮುಟ್ಟಿಯೂ ಇರುವುದಿಲ್ಲ.

ಕೇಂದ್ರದ ಕೌಶಲಾಭಿವೃದ್ಧಿ ಸಚಿವಾಲಯದ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಈ ಕೊರತೆ ನೀಗಬಲ್ಲ ಮಾದರಿ. ಬೆಂಗಳೂರಿನ ಐಐಎಂ ಜೊತೆ ಪ್ರಯೋಗವಾಗಿ ಶುರುವಾಗಿ, 2021ರಲ್ಲಿ ಬೇರೆ ಐಐಎಂಗಳಿಗೂ ವಿಸ್ತರಿಸಿತು. 21ರಿಂದ 30 ವಯಸ್ಸಿನ ಪದವೀಧರರಿಗೆ ಎರಡು ವರ್ಷ ಪಾಠ ಐಐಎಂನಲ್ಲಿ, ಕೆಲಸ ಜಿಲ್ಲೆಯಲ್ಲಿ ಇತ್ತು. ತಿಂಗಳಿಗೆ ಮೊದಲ ವರ್ಷ 50,000, ಎರಡನೇ ವರ್ಷ 60,000 ರೂಪಾಯಿ ಶಿಷ್ಯವೇತನ ಸಿಗುತ್ತಿತ್ತು. ಯಾವ ಕಸುಬಿಗೆ ಎಲ್ಲಿ ಬೇಡಿಕೆಯಿದೆ, ಐಟಿಐ ಕಲಿತವರಿಗೆ ಕೆಲಸ ಏಕೆ ಸಿಗುತ್ತಿಲ್ಲ ಎಂದು ಹುಡುಕಿ ಜಿಲ್ಲೆಯ ಕೌಶಲ ಯೋಜನೆಗೆ ನೆರವಾಗುವುದು ಅವರ ಹೊಣೆಯಾಗಿತ್ತು. ಕೋಚಿಂಗ್ ನೋಟ್ಸಿನಲ್ಲಿ ಇಂಥ ಅನುಭವ ಸಿಗುವುದೇ?

ಆದರೆ ಕೊನೆಗೆ ಫೆಲೋಗಳ ಕೈಗೆ ಬಂದದ್ದು ಪ್ರಮಾಣಪತ್ರ, ನೌಕರಿಯ ಖಾತರಿಯಿರಲಿಲ್ಲ. ಬ್ರಿಟನ್ನಿನ ಸರ್ಕಾರಿ ಸೇವೆಗೆ ಪದವೀಧರರನ್ನು ನೇಮಿಸುವ ಫಾಸ್ಟ್ ಸ್ಟ್ರೀಮ್ ಯೋಜನೆಯಲ್ಲಿ ಆಯ್ಕೆಯಾದ ಪದವೀಧರ ಮೊದಲ ದಿನದಿಂದಲೇ ಸರ್ಕಾರಿ ನೌಕರ. ನಮ್ಮಲ್ಲಿ ಹಾಗೆ ನೇರವಾಗಿ ನೇಮಿಸಿ ಎನ್ನಲು ನನಗೂ ಧೈರ್ಯವಿಲ್ಲ, ವಶೀಲಿಬಾಜಿ ಬಲ್ಲವರಿಗೆ ಕಾರಣ ಗೊತ್ತು. ಪರೀಕ್ಷೆ ಇರಲಿ. ಜಿಲ್ಲೆಯಲ್ಲಿ ದುಡಿದ ಆ ಎರಡು ವರ್ಷವನ್ನಾದರೂ ರಾಜ್ಯದ ನೇಮಕಾತಿಗಳಲ್ಲಿ ವಯೋಮಿತಿಗೆ ಸೇರಿಸಿ ಕೊಡಲಿ.

– ನಿವೃತ್ತ ಉಪನ್ಯಾಸಕ, ಧಾರವಾಡ